ಅರ್ಧ ಲೀಟರ್

ಹದಿನೈದು ದಿನ ಮೊದಲೇ ಬ್ಯಾಗು ಇಳಿಸಿಕೊಂಡು ಬಂದೆ.
ನಮ್ಮದಲ್ಲ, ಮಹಡಿ ಮನೆ ಹಮೀದಾ ಕೊಟ್ಟಿದ್ದು.
ಒಂದು ಗಾಲಿ ಮಾತ್ರ ತನಗೆ ತೋಚಿದ ಕಡೆಗೇ ತಿರುಗುತ್ತದೆ,
ಥೇಟು ನಮ್ಮ ಸಂಪಂಗಿ ಹಾಗೆ, ಅಂದೆ.
ಸಂಪಂಗಮ್ಮ ನಗಲಿಲ್ಲ.
ಬುಧವಾರ. ಆಗಷ್ಟೇ ಸೂಜಿ ಕೀಳಿಸಿಕೊಂಡು ಬಂದಿದ್ದಳು.

ಸೋಮ, ಬುಧ, ಶುಕ್ರ ರಕ್ತ ತೊಳೆಯುವ ದಿನ.
ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ
ಎರಡೇ ದಿನದ ಸಂದು.
ಆ ಸಂದಿನಲ್ಲಿ ಒಂದು ಸಮುದ್ರ ತೂರಿಸಬೇಕು.

ಕಾಟನ್‌ಪೇಟೆಯಲ್ಲಿ ಮೂವತ್ತು ವರ್ಷ ಫ್ರೇಮು ಕಟ್ಟಿದವನು ನಾನು.
ಗಾಜಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬಿಡುವುದು ಗೊತ್ತು.
ಸಮುದ್ರಗಳನ್ನೂ ಬೇಕಾದಷ್ಟು ಕಟ್ಟಿಕೊಟ್ಟಿದ್ದೇನೆ,
ಹಲ್ಲಿನ ಡಾಕ್ಟರಿಗೆ, ಗಾಂಧಿನಗರದ ಲಾಡ್ಜುಗಳಿಗೆ:
ಒಂದು ತೆಂಗಿನಮರ, ಒಂದು ದೋಣಿ, ಮುಳುಗುತ್ತಲೇ ಇರುವ ಸೂರ್ಯ.
ಊಟದ ಡಬ್ಬಿ ತಂದವಳು ಸೆರಗಲ್ಲಿ ಗಾಜು ಒರೆಸುತ್ತ
"ನೀರು ಇಷ್ಟು ನೀಲಿ ಇರತ್ತೇನ್ರೀ?" ಅನ್ನುತ್ತಿದ್ದಳು.
ಇರತ್ತೆ, ಅನ್ನುತ್ತಿದ್ದೆ.
ನಾನೂ ನೋಡಿರಲಿಲ್ಲ.

ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು, ಕೆಳಗಿನ ಸೀಟು.
ಘಾಟಿಯ ತಿರುವಿಗೆ ಒಂದು ನಿಂಬೆಹಣ್ಣು, ಮೂಸುವುದಕ್ಕೆ ಮಾತ್ರ.
ಉಡುಪಿಯ ಆಸ್ಪತ್ರೆಯ ನಂಬರು ಮೂರು ಚೀಟಿಯಲ್ಲಿ ಬರೆದೆ.
ಅವಳ ಪರ್ಸಿಗೊಂದು, ನನ್ನ ಜೇಬಿಗೊಂದು,
ಮೂರನೆಯದು ಎಲ್ಲಿಟ್ಟೆನೋ, ನಾಲ್ಕನೆಯದು ಬರೆದೆ.
ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು:
"ಹೋಗಿ ಬನ್ನಿ. ದಿನಕ್ಕೆ ಅರ್ಧ ಲೀಟರ್.
ಸಾರು ಸೇರಿ, ಕಾಫಿ ಸೇರಿ, ಮಾತ್ರೆ ನುಂಗೋ ನೀರೂ ಸೇರಿ.
ಎಳನೀರು ಮುಟ್ಟಲೇಬೇಡಿ."
ಇವಳು ಕೇಳಿದಳು,
"ಸಮುದ್ರದ ಗಾಳಿ ಲೆಕ್ಕಕ್ಕೆ ಬರತ್ತಾ ಸಾರ್?"
ಪಕ್ಕದ ನರ್ಸು ಫೈಲಿನ ಹಿಂದೆ ನಕ್ಕಳು.

ಬೆಳಿಗ್ಗೆ ನಾನು ತುಂಬುತ್ತೇನೆ, ಸಂಜೆ ಅವಳು ತೆಗೆಯುತ್ತಾಳೆ.
ಟವೆಲ್ಲು ಬೇಕಿತ್ತು. ಬಾಚಣಿಗೆ ಇದೊಂದೇ ತಾನೇ ಇರೋದು.
ಆ ಸೀರೆ ಬೇಡ, ಉಪ್ಪುನೀರು ತಾಕಿದರೆ ಬಣ್ಣ ಬಿಡತ್ತೆ.
ನಾಲ್ಕು ರವಿಕೆಗೂ ಎಡತೋಳು ಬಿಚ್ಚಿಸಿ ಅಗಲ ಮಾಡಿಸಿದ್ದೇವೆ,
ಟೈಲರು ಕಾಸು ತಗೊಳ್ಳಲಿಲ್ಲ.
ಆ ಕೈಗೆ ಬಳೆಯಿಲ್ಲ, ಭಾರವಿಲ್ಲ, ಯಾರೂ ಹಿಡಿದೆಳೆಯುವಂತಿಲ್ಲ.
ಅವಳು ಮಲಗಿದ ಮೇಲೆ ಕಿವಿಯಿಟ್ಟರೆ
ಚರ್ಮದ ಒಳಗೆ ಏನೋ ಗುಂಯ್ ಅನ್ನುತ್ತಲೇ ಇರುತ್ತದೆ.

ಭಾನುವಾರ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಬ್ಯಾಗು ತೂಗಿಸಿದೆ,
ಒಂಬತ್ತು ಕೆಜಿ ನಾನೂರು.
"ನನ್ನೂ ಹತ್ತಿಸಿ," ಅಂದಳು, ಬೇಡವೆಂದರೂ ಹತ್ತಿ ನಿಂತಳು
ಹಳೇ ಪೇಪರಿನ ಕಟ್ಟುಗಳ ನಡುವೆ, ಚಪ್ಪಲಿ ಬಿಟ್ಟು.
ರದ್ದಿಯವನು ಅಭ್ಯಾಸಬಲದಿಂದ
"ಕೆಜಿಗೆ ಹದಿನಾಲ್ಕು" ಅಂದವನು ನಾಲಿಗೆ ಕಚ್ಚಿಕೊಂಡ.
ಆ ದಿನವೆಲ್ಲ ನಕ್ಕಳು.
ನಕ್ಕು ಬಾಯಾರಿ, ಒಂದು ಐಸಿನ ಚೂರು ಚೀಪಿದಳು.
ಅದನ್ನೂ ಗೋಡೆಯ ಮೇಲೆ ಬರೆದೆ, ಇಪ್ಪತ್ತು ಎಂಎಲ್.

ನಾಳೆ ಹೊರಡುವುದು.
ನಡುರಾತ್ರಿ ಜಿಪ್ಪಿನ ಸದ್ದಿಗೆ ಎಚ್ಚರವಾಯಿತು.
ದೀಪ ಹಾಕದೆ ನೆಲದಲ್ಲಿ ಕೂತಿದ್ದಾಳೆ.
ಉಗುರುಬಣ್ಣದ ಗೆರೆ ಎಳೆದ ನನ್ನ ಅಳತೆಯ ಲೋಟ
ಹೊರಗೆ ಬಿದ್ದಿದೆ,
ಅದರ ಜಾಗದಲ್ಲಿ ಒಂದು ಖಾಲಿ ಬಾಟಲಿ, ದೊಡ್ಡದು,
ಹಮೀದಾ ಎಣ್ಣೆ ತರಿಸುವಂಥದ್ದು, ಸೀಗೆಪುಡಿ ಹಾಕಿ ತೊಳೆದದ್ದು.

"ಇದ್ಯಾಕೆ?"
"ಅಲ್ಲಿಂದ ತುಂಬಿಕೊಂಡು ಬರೋದಕ್ಕೆ.
ಕುಡಿಯಲ್ಲ. ಕಿಟಕೀಲಿ ಇಡ್ತೀನಿ.
ಇದನ್ನ ಅಳೀಬೇಡಿ."

ಲೋಟವನ್ನು ಮೆಲ್ಲಗೆ ನನ್ನ ಅಂಗಿಯೊಳಗೆ ಸುತ್ತಿದೆ.
ನೋಡಿದಳು, ನೋಡದವಳ ಹಾಗೆ ತಿರುಗಿದಳು.
ಈಗ ಜಿಪ್ಪು ಮೂಲೆಯಲ್ಲಿ ಕಚ್ಚಿಕೊಂಡಿದೆ,
ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.
ಕತ್ತಲಲ್ಲಿ ಇಬ್ಬರೂ
ಉಜ್ಜುವುದಕ್ಕೆ ಒಂದು ಮೇಣದಬತ್ತಿಯ ತುಂಡು ಹುಡುಕುತ್ತಿದ್ದೇವೆ.